ಕೂಗಿದ್ದಕ್ಕಿಂತ ಕಿವಿಗೊಟ್ಟದ್ದೇ ದುಬಾರಿ

ಬೈಲಹೊಂಗಲ ಸೀಮೆಯಲ್ಲಿ ‘ಬ್ಯಾಟರಿ’ ಎಂದರೆ ಮೊದಲ ಅರ್ಥ ಟಾರ್ಚು. ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗುವವನ ಕೈಯಲ್ಲಿ ಅದು ಇರಲೇಬೇಕು. ತ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೋ ಆ ಹೊತ್ತಿಗೆ ಏಳಬೇಕು, ಪಂಪು ಚಾಲೂ ಮಾಡಬೇಕು, ಹುಳಹುಪ್ಪಡಿ ನೋಡಿಕೊಂಡು ಒಡ್ಡಿನ ಮೇಲೆ ನಡೆಯಬೇಕು. ಆ ಬ್ಯಾಟರಿ ಆರಿಸುವುದನ್ನು ಮರೆತು ಮಲಗಿದರೆ ಬೆಳಗಾಗುವುದರೊಳಗೆ ಸೆಲ್ ಖಾಲಿ. ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅದೇ ಹೊಲದಲ್ಲಿ ಮಣ್ಣಿನ ತೇವ ಅಳೆಯುವ ಸೆನ್ಸರ್ ನೆಟ್ಟು, ಅದಕ್ಕೊಂದು ಪುಟ್ಟ ರೇಡಿಯೋ ಜೋಡಿಸುವಾಗ ಮಾತ್ರ ಓದಿದವರೂ ಈ ಸಂಗತಿ ಮರೆಯುತ್ತಾರೆ.

ಟವರ್ ಇಲ್ಲದೆ, ವಾಯರ್ ಎಳೆಯದೆ, ಅಕ್ಕಪಕ್ಕದ ಯಂತ್ರಗಳೇ ಒಂದರ ಸುದ್ದಿಯನ್ನು ಇನ್ನೊಂದು ದಾಟಿಸುತ್ತ ಕಟ್ಟಿಕೊಳ್ಳುವ ಜಾಲಕ್ಕೆ ಆಡ್‌ಹಾಕ್ ಜಾಲ ಎನ್ನುತ್ತಾರೆ. ಅದರ ಒಂದೊಂದು ಯಂತ್ರವೂ ಒಂದು ನೋಡ್. ಯಾವ ನೋಡ್ ಯಾವುದರ ಜೊತೆ ಮಾತಾಡಬೇಕು, ಎಷ್ಟು ಜೋರಾಗಿ ಮಾತಾಡಬೇಕು, ಯಾವಾಗ ನಿದ್ದೆಹೋಗಬೇಕು ಎಂದು ಗೊತ್ತುಮಾಡುವ ಕೆಲಸವೇ ಟೊಪಾಲಜಿ ವಿನ್ಯಾಸ. ಬ್ಯಾಟರಿ ಒಂದು ವಾರ ಬರುತ್ತದೋ ಒಂದು ವರ್ಷ ಬರುತ್ತದೋ ಎನ್ನುವುದು ಬಹುಮಟ್ಟಿಗೆ ಇಲ್ಲೇ ತೀರ್ಮಾನವಾಗುತ್ತದೆ.

ಕಾಲೇಜಿನ ಪ್ರಾಜೆಕ್ಟ್ ವರದಿಗಳಲ್ಲೂ ಕೃಷಿ ಮೇಳದ ಮಳಿಗೆಗಳಲ್ಲೂ ಇದರ ಬಗ್ಗೆ ಕೆಲವು ನಂಬಿಕೆಗಳು ಓಡಾಡುತ್ತವೆ. ಇದೇ ಸೀಮೆಯ ಸಂಗೊಳ್ಳಿಯ ಒಂದು ಎರಿ (ಕಪ್ಪು ಮಣ್ಣಿನ) ಹೊಲವನ್ನು ಕಣ್ಣಮುಂದೆ ಇಟ್ಟುಕೊಂಡು ಅವನ್ನು ಒಂದೊಂದಾಗಿ ನೋಡೋಣ. ಹೊಲ ನನ್ನ ಕಲ್ಪನೆಯದು. ಮಣ್ಣು, ಕಬ್ಬು, ಲೆಕ್ಕ ಮಾತ್ರ ನಿಜದವು.

ತಪ್ಪು ಕಲ್ಪನೆ: “ಟವರ್ ಇಲ್ದ ನೆಟ್‌ವರ್ಕ್ ಎಲ್ಲಿಂದ ಬರ್ತೈತ್ರಿ?”

ವಾಸ್ತವ: ಬರುತ್ತದೆ, ಬಂದು ಐವತ್ತು ವರ್ಷವಾಯಿತು. ಟ್ರಕ್ಕುಗಳಲ್ಲಿ ಇಟ್ಟ ರೇಡಿಯೋಗಳು ಒಂದಕ್ಕೊಂದು ಡೇಟಾ ದಾಟಿಸುವ ‘ಪ್ಯಾಕೆಟ್ ರೇಡಿಯೋ’ ಪ್ರಯೋಗವನ್ನು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 1970ರ ದಶಕದಲ್ಲೇ ನಡೆಸಿತ್ತು. ನಮ್ಮಲ್ಲೇ ನೋಡಬೇಕೆಂದರೆ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ‘ಜನಸ್ತು’ ಸಂಸ್ಥೆ ಹಳ್ಳಿಗರ ಒಡೆತನದ ವೈಫೈ ಮೆಶ್ ಕಟ್ಟಿದೆ. ಒಂದು ಮನೆಯ ಪೆಟ್ಟಿಗೆ ಇನ್ನೊಂದು ಮನೆಯ ಪೆಟ್ಟಿಗೆಗೆ ಕೈಬದಲು ಮಾಡುತ್ತದೆ.

ಸಂಗೊಳ್ಳಿಯ ಜನಕ್ಕೆ ಇದು ಹೊಸ ತರ್ಕವೇನಲ್ಲ. 1824ರ ಡಿಸೆಂಬರಿನಲ್ಲಿ ಕಿತ್ತೂರಿನ ಕೋಟೆ ಬಿದ್ದಾಗ ಸಂಸ್ಥಾನದ ಕೇಂದ್ರವೇ ಹೋಯಿತು. ಐದು ವರ್ಷದ ಮೇಲೆ ಇದೇ ಊರಿನ ರಾಯಣ್ಣ ಕೋಟೆ ಇಲ್ಲದೆಯೇ, ಊರೂರಿನಲ್ಲಿ ಚದುರಿದ ಸಣ್ಣ ಸಣ್ಣ ಗುಂಪುಗಳನ್ನು ಕಟ್ಟಿಕೊಂಡು ಕಂಪನಿ ಸರ್ಕಾರವನ್ನು ಕಾಡಿದ. ಕೇಂದ್ರವಿಲ್ಲದ ಜಾಲದ ಗಟ್ಟಿತನವೂ ಅವನ ಕಥೆಯಲ್ಲಿದೆ, ಅದರ ದೌರ್ಬಲ್ಯವೂ ಇದೆ: ನಂಬಿದ ಕೊಂಡಿಯೇ ಎರಡು ಬಗೆದರೆ ಜಾಲದ ಗತಿಯೇನು? ನಂಬಿದವರೇ ಹಿಡಿದುಕೊಟ್ಟ ಮೇಲೆ, 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಈ ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಬೇಡ.

ತಪ್ಪು ಕಲ್ಪನೆ: “ಬ್ಯಾಟರಿ ಖರ್ಚ ಆಗೂದು ಕಳಸೋ ಹೊತ್ತಿನ್ಯಾಗ ಅಷ್ಟ.”

ವಾಸ್ತವ: ಉಳಿದ ಹಲವು ತಪ್ಪುಗಳು ಈ ನಂಬಿಕೆಯ ಹೊಟ್ಟೆಯಿಂದಲೇ ಹುಟ್ಟುತ್ತವೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು.

ಕೂಗುವವನಿಗೆ ದಣಿವು, ಸುಮ್ಮನೆ ಕೇಳುವವನಿಗೆ ಏನೂ ಇಲ್ಲ ಎನ್ನುವುದು ಮನುಷ್ಯರ ಅನುಭವ. ಸಣ್ಣ ರೇಡಿಯೋಗಳ ಲೋಕದಲ್ಲಿ ಅದು ನಡೆಯುವುದಿಲ್ಲ. 2000ದ ದಶಕದಲ್ಲಿ ಸೆನ್ಸರ್ ಜಾಲಗಳಲ್ಲಿ ಮನೆಮಾತಾಗಿದ್ದ ಸಿಸಿ2420 ಎಂಬ ರೇಡಿಯೋ ಚಿಪ್ ನೋಡಿ. ತನ್ನ ಪೂರ್ಣ ಶಕ್ತಿಯಲ್ಲಿ ಕಳಿಸುವಾಗ ಅದು ಎಳೆಯುವ ಕರೆಂಟು 17.4 ಮಿಲಿಆಂಪಿಯರ್. ಕೇಳುವಾಗ 18.8. ಅಚ್ಚಿನ ತಪ್ಪಲ್ಲ, ಕೇಳುವುದಕ್ಕೇ ಹೆಚ್ಚು. ಗಾಳಿಯಲ್ಲಿ ಬರುವ ಸದ್ದು ಎಷ್ಟು ಕ್ಷೀಣವೆಂದರೆ ಅದನ್ನು ಹೆಕ್ಕಿ, ಹಿಗ್ಗಿಸಿ, ಗದ್ದಲದಿಂದ ಬೇರ್ಪಡಿಸಿ, ಬಿಟ್ ಬಿಟ್ ಆಗಿ ಅರ್ಥಮಾಡಿಕೊಳ್ಳಲು ಇಡೀ ಸರ್ಕ್ಯೂಟ್ ಎದ್ದು ಕೂರಬೇಕು. ಇನ್ನೂ ಕೆಟ್ಟದ್ದೆಂದರೆ, ಯಾರೂ ಮಾತಾಡದಿದ್ದರೂ ಅದು ಹಾಗೆಯೇ ಎದ್ದು ಕೂತಿರುತ್ತದೆ. ಸುದ್ದಿ ಯಾವಾಗ ಬರುತ್ತದೋ ಅದಕ್ಕೇನು ಗೊತ್ತು?

ಎರಡು ಪೆನ್ಸಿಲ್ ಸೆಲ್‌ಗಳಲ್ಲಿ ಸುಮಾರು 2500 ಮಿಲಿಆಂಪಿಯರ್-ಗಂಟೆ ಇದೆ ಎಂದಿಟ್ಟುಕೊಳ್ಳಿ. ಅದನ್ನು 18.8ರಿಂದ ಭಾಗಿಸಿದರೆ 133 ಗಂಟೆ. ಐದೂವರೆ ದಿನ. ದಿನಕ್ಕೆ ಒಂದೇ ಒಂದು ಸಂದೇಶ ಕಳಿಸಿದರೂ ಅಷ್ಟೇ, ಸಾವಿರ ಕಳಿಸಿದರೂ ಹೆಚ್ಚುಕಡಿಮೆ ಅಷ್ಟೇ. ಆರಿಸದೆ ಬಿಟ್ಟ ಟಾರ್ಚಿನ ಕಥೆ ಇದೇ ತಾನೆ?

ಅದೇ ರೇಡಿಯೋ ನೂರಕ್ಕೆ ಒಂದು ಪಾಲು ಹೊತ್ತು ಮಾತ್ರ ಎಚ್ಚರವಿದ್ದು ಉಳಿದದ್ದನ್ನು ನಿದ್ದೆಯಲ್ಲಿ ಕಳೆದರೆ ಲೆಕ್ಕ ಒಂದೂವರೆ ವರ್ಷಕ್ಕೆ ಹೋಗುತ್ತದೆ. ಸೆಲ್ ತಾನಾಗಿ ಸೊರಗುವುದು, ಸೆನ್ಸರಿನ ಸ್ವಂತ ಖರ್ಚು, ಇವನ್ನೆಲ್ಲ ಕಳೆದರೂ ಐದೂವರೆ ದಿನವೆಲ್ಲಿ, ತಿಂಗಳುಗಟ್ಟಲೆ ಬಾಳುವುದೆಲ್ಲಿ!

ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ನಾನು ಮಾತಾಡುವ ಹೊತ್ತಿಗೆ ನೀನು ಎದ್ದಿರಬೇಕು. ಹೊತ್ತು ಗೊತ್ತುಮಾಡಿಕೊಂಡು ಏಳೋಣವೆಂದರೆ ಇಬ್ಬರ ಗಡಿಯಾರವೂ ಒಂದೇ ಆಗಿರಬೇಕು. ಅಗ್ಗದ ಸ್ಫಟಿಕ ಗಡಿಯಾರ ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೂ ದಿನಕ್ಕೆ 1.7 ಸೆಕೆಂಡು ಹಿಂದುಮುಂದಾಗುತ್ತದೆ. ಒಂದು ಹಿಂದೆ, ಒಂದು ಮುಂದೆ ಹೋದರೆ ಅಂತರ ದುಪ್ಪಟ್ಟು. ಏಪ್ರಿಲ್ ಬಿಸಿಲಿಗೆ ಪೆಟ್ಟಿಗೆ ಕಾದರೆ ಇನ್ನಷ್ಟು. ಹಾಗಾಗಿ ನೋಡ್‌ಗಳು ಆಗಾಗ ಗಡಿಯಾರ ಸರಿಮಾಡಿಕೊಳ್ಳಬೇಕು. ಇನ್ನೊಂದು ಉಪಾಯವೂ ಇದೆ. ಬರ್ಕ್ಲಿಯ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಬಿ-ಮ್ಯಾಕ್ ಪದ್ಧತಿ ಈ ಬಗೆಯದು: ಪ್ರತಿ ನೋಡ್ ತನಗೆ ಬೇಕಾದಾಗ ಕ್ಷಣಮಾತ್ರ ಎದ್ದು ಗಾಳಿ ಮೂಸುತ್ತದೆ, ಯಾರೂ ಕೂಗುತ್ತಿಲ್ಲವೆಂದರೆ ಮತ್ತೆ ಮಲಗುತ್ತದೆ. ಕಳಿಸುವವನು ಸುದ್ದಿಗೆ ಮುನ್ನ ಉದ್ದನೆಯ ಆಲಾಪ ಎಳೆಯುತ್ತಾನೆ, ಮಲಗಿದವನು ಒಮ್ಮೆಯಾದರೂ ಏಳುವಷ್ಟು ಉದ್ದ. ಕೇಳುವವನ ಖರ್ಚನ್ನು ಕಳಿಸುವವನ ತಲೆಗೆ ಕಟ್ಟುವ ವ್ಯವಹಾರ ಇದು. ಸುದ್ದಿ ವಿರಳವಾಗಿದ್ದರೆ ಲಾಭ, ಪದೇ ಪದೇ ಇದ್ದರೆ ನಷ್ಟ.

ತಪ್ಪು ಕಲ್ಪನೆ: “ದೂರ ಕೂಗೂದಕ್ಕಿಂತ ಸಣ್ಣ ಸಣ್ಣ ಜಿಗಿತ ಯಾವಾಗ್ಲೂ ಅಗ್ಗ.”

ವಾಸ್ತವ: ಪಠ್ಯಪುಸ್ತಕದ ಮೊದಲ ಅಧ್ಯಾಯ ಓದಿ ಎರಡನೆಯದನ್ನು ಬಿಟ್ಟವರ ಮಾತಿದು. ಮೊದಲ ಅಧ್ಯಾಯ ಹೇಳುವುದು ಸರಿಯೇ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಬೇಕಾದ ಶಕ್ತಿ ನಾಲ್ಕು ಪಟ್ಟು, ನೆಲಕ್ಕೆ ಹತ್ತಿರದ ಆಂಟೆನಾ ಆದರೆ ಹದಿನಾರು ಪಟ್ಟಿನ ತನಕ. ಆದ್ದರಿಂದ ದೂರವನ್ನು ತುಂಡು ಮಾಡಿದರೆ ಉಳಿತಾಯ. ಅಲ್ಲಿ ಮರೆತದ್ದು ಹಿಂದಿನ ಪಾಠ: ಪ್ರತಿ ಜಿಗಿತಕ್ಕೂ ಒಬ್ಬ ಕೇಳಬೇಕು, ಕೇಳುವುದು ಬಿಟ್ಟಿ ಅಲ್ಲ.

ಎಂಐಟಿಯಲ್ಲಿದ್ದ ವೆಂಡಿ ಹೈನ್ಜೆಲ್‌ಮನ್, ಅನಂತ ಚಂದ್ರಕಾಸನ್, ಹರಿ ಬಾಲಕೃಷ್ಣನ್ 2000ದಲ್ಲಿ ಪ್ರಕಟಿಸಿದ ಲೇಖನದ ಸರಳ ಮಾದರಿ ತೆಗೆದುಕೊಳ್ಳೋಣ. ಒಂದು ಬಿಟ್‌ಗೆ ಕಳಿಸುವ ಸರ್ಕ್ಯೂಟಿನ ಖರ್ಚು 50 ನ್ಯಾನೋಜೂಲ್, ಕೇಳುವ ಸರ್ಕ್ಯೂಟಿನದು ಇನ್ನೊಂದು 50. ಗಾಳಿಗೆ ಎಸೆಯುವ ಖರ್ಚು ದೂರದ ವರ್ಗಕ್ಕೆ ತಕ್ಕಂತೆ, ಮೀಟರಿನ ವರ್ಗಕ್ಕೆ 0.1 ನ್ಯಾನೋಜೂಲ್. ಈಗ ತೋಟದ ಮನೆಯಿಂದ ಹೊಲದ ಆ ತುದಿ 100 ಮೀಟರ್ ಇದೆ ಎಂದಿಟ್ಟುಕೊಳ್ಳಿ.

ಒಂದೇ ಏಟಿಗೆ ಕಳಿಸಿದರೆ 50, 50, ಜೊತೆಗೆ ಗಾಳಿಯ 1000. ಒಟ್ಟು 1100 ನ್ಯಾನೋಜೂಲ್. ನಡುವೆ ಒಂದು ನೋಡ್ ಇಟ್ಟು 50 ಮೀಟರಿನ ಎರಡು ಜಿಗಿತ ಮಾಡಿದರೆ 700. ಭರ್ಜರಿ ಉಳಿತಾಯ. ಮೂರು ಜಿಗಿತಕ್ಕೆ ಸುಮಾರು 633. ಇನ್ನೂ ಇಳಿಯಿತು ಎಂದು ಹುರುಪಿನಿಂದ ನಾಲ್ಕು ಮಾಡಿದರೆ 650, ತಿರುಗಿ ಏರಿತು! ಹತ್ತು ಹತ್ತು ಮೀಟರಿಗೆ ಒಂದರಂತೆ ಹತ್ತು ಜಿಗಿತ ಮಾಡಿದರೆ ಮತ್ತೆ 1100. ಹತ್ತು ಪೆಟ್ಟಿಗೆ ಕೊಂಡು, ಹತ್ತು ಗುಣಿ ತೋಡಿ, ಕೊನೆಗೆ ಮೊದಲಿದ್ದಲ್ಲಿಗೇ ಬಂದು ನಿಂತ ಹಾಗಾಯಿತು.

ಈ ಮಾದರಿಯಲ್ಲಿ ಒಂದು ಜಿಗಿತದ ಹದವಾದ ಉದ್ದ ಸುಮಾರು 32 ಮೀಟರ್. ಚಿಪ್ ಬದಲಾದರೆ, ಹೊಲ ಬದಲಾದರೆ ಸಂಖ್ಯೆ ಬದಲಾಗುತ್ತದೆ. ಹದ ಎಂಬುದೊಂದು ಇದೆ ಎನ್ನುವ ಮಾತು ಬದಲಾಗುವುದಿಲ್ಲ. ಬೀಜ ಬಿತ್ತುವಾಗ ಸಾಲಿನ ಅಂತರ ಹೇಗೋ ಹಾಗೆ, ತೀರ ಒತ್ತಾದರೂ ಇಳುವರಿ ಇಲ್ಲ, ತೀರ ದೂರವಾದರೂ ಇಲ್ಲ. ಈ ಲೆಕ್ಕದಲ್ಲೂ ಸುಮ್ಮನೆ ಕಿವಿಗೊಟ್ಟು ಕೂತ ಖರ್ಚು ಸೇರಿಲ್ಲ. ಅದನ್ನೂ ಸೇರಿಸಿದರೆ ಹತ್ತು ನೋಡ್‌ಗಳ ಪಕ್ಷ ಪೂರಾ ಸೋಲುತ್ತದೆ.

ತಪ್ಪು ಕಲ್ಪನೆ: “ಎಲ್ಲಾರೂ ಎಲ್ಲಾರ ಜೋಡಿ ಮಾತಾಡಿದ್ರ ಜಾಲ ಗಟ್ಟಿ ಇರ್ತೈತಿ.”

ವಾಸ್ತವ: ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರೆ ಯಾರ ಮಾತು ಯಾರಿಗೂ ತಲುಪುವುದಿಲ್ಲ. ಡಿಕ್ಕಿ ಹೊಡೆದ ಸಂದೇಶವನ್ನು ಮತ್ತೆ ಕಳಿಸಬೇಕು, ಮತ್ತೆ ಖರ್ಚು. ಆದ್ದರಿಂದ ಬೇಡದ ಕೊಂಡಿಗಳನ್ನು ಕತ್ತರಿಸುವುದು ಟೊಪಾಲಜಿ ವಿನ್ಯಾಸದ ಮುಖ್ಯ ಕಸುಬು. ಕತ್ತರಿಸಿದ ಮೇಲೂ ಜಾಲ ತುಂಡಾಗಬಾರದು.

ಇದಕ್ಕೆ ಬಳಸುವ ಒಂದು ಉಪಾಯ ಎಂಟನೆಯೋ ಒಂಬತ್ತನೆಯೋ ತರಗತಿಯ ಗಣಿತದ್ದು, ನನಗೆ ಬಹಳ ಇಷ್ಟವಾದದ್ದು. ಅ ಮತ್ತು ಬ ಎಂಬ ಎರಡು ನೋಡ್. ಅವುಗಳ ನಡುವಿನ ಗೆರೆಯನ್ನು ವ್ಯಾಸವಾಗಿ ಇಟ್ಟುಕೊಂಡು ಒಂದು ವೃತ್ತ ಎಳೆಯಿರಿ. ಆ ವೃತ್ತದೊಳಗೆ ಮೂರನೆಯ ನೋಡ್ ಕ ಇದ್ದರೆ, ಕ ಬಳಿಯ ಕೋನ 90 ಡಿಗ್ರಿಗಿಂತ ದೊಡ್ಡದು. ಹಾಗಿದ್ದಾಗ ಅ-ಕ ದೂರದ ವರ್ಗ, ಕ-ಬ ದೂರದ ವರ್ಗ ಎರಡನ್ನೂ ಕೂಡಿಸಿದರೂ ಅ-ಬ ದೂರದ ವರ್ಗಕ್ಕಿಂತ ಕಡಿಮೆ. ಪೈಥಾಗೊರಸ್ ಪ್ರಮೇಯದ ಸೋದರಸಂಬಂಧಿ ಇದು. ಅಂದರೆ ಕ ಮೂಲಕ ಹೋಗುವುದೇ ಅಗ್ಗ, ಅ-ಬ ಕೊಂಡಿ ಕತ್ತರಿಸಬಹುದು. ವೃತ್ತದೊಳಗೆ ಯಾರೂ ಇಲ್ಲದಿದ್ದರೆ ಕೊಂಡಿ ಉಳಿಯಲಿ. ಹೀಗೆ ಉಳಿಯುವ ಜಾಲಕ್ಕೆ ಗೇಬ್ರಿಯಲ್ ಗ್ರಾಫ್ ಎಂದು ಹೆಸರು. ಗೇಬ್ರಿಯಲ್ ಮತ್ತು ಸೋಕಲ್ 1969ರಲ್ಲಿ ಇದನ್ನು ಬರೆದಾಗ ರೇಡಿಯೋ ಅವರ ತಲೆಯಲ್ಲೇ ಇರಲಿಲ್ಲ. ಜೀವಿಗಳ ಗುಣಗಳು ಊರಿಂದೂರಿಗೆ ಹೇಗೆ ಬದಲಾಗುತ್ತವೆ ಎಂದು ನೋಡಲು ಹೊರಟಿದ್ದರು. (ಈ ಉಪಾಯವೂ ಕೇಳುವವನ ಖರ್ಚನ್ನು ಮರೆತಿದೆ, ಗಮನಿಸಿದಿರಾ? ಹಾಗಾಗಿ ಇದನ್ನೇ ಕಣ್ಣುಮುಚ್ಚಿ ಬಳಸಿದರೆ ಹಿಂದಿನ ಹತ್ತು ಜಿಗಿತದ ಗತಿ.)

ಇನ್ನೊಂದು ಉಪಾಯಕ್ಕೆ ನಕ್ಷೆಯೂ ಬೇಡ, ದಿಕ್ಕು ಗೊತ್ತಿದ್ದರೆ ಸಾಕು. ಪ್ರತಿ ನೋಡ್ ಮೊದಲು ಪಿಸುಗುಡುತ್ತದೆ, ಆಮೇಲೆ ದನಿ ಏರಿಸುತ್ತ ಹೋಗುತ್ತದೆ. ಸುತ್ತಲೂ ನೋಡಿದಾಗ 150 ಡಿಗ್ರಿಯಷ್ಟು ಅಗಲದ ಯಾವ ದಿಕ್ಕೂ ನೆರೆಯವರಿಲ್ಲದೆ ಖಾಲಿ ಉಳಿಯಲಿಲ್ಲವೆಂದರೆ ಅಲ್ಲಿಗೆ ದನಿ ನಿಲ್ಲಿಸಬಹುದು. ಎಲ್ಲರೂ ಗಂಟಲು ಹರಿದು ಕೂಗಿದಾಗ ಜಾಲ ಒಂದಾಗಿತ್ತಾದರೆ, ಹೀಗೆ ತಗ್ಗಿಸಿದ ಮೇಲೂ ಒಂದಾಗಿಯೇ ಇರುತ್ತದೆ ಎಂದು ಸಾಬೀತಾಗಿದೆ.

ಹಾಗಾದರೆ ಒಬ್ಬೊಬ್ಬರಿಗೆ ಎಷ್ಟು ನೆರೆಯವರು ಬೇಕು? “ಆರು” ಎಂಬ ಉತ್ತರ ಬಹಳ ದಿನ ಚಲಾವಣೆಯಲ್ಲಿತ್ತು. ಅದರ ಮೂಲ ಕ್ಲೈನ್‌ರಾಕ್ ಮತ್ತು ಸಿಲ್ವೆಸ್ಟರ್ 1978ರಲ್ಲಿ ಬರೆದ ಲೇಖನ, ಆರನ್ನು ಅವರು ಮಾಯಾಸಂಖ್ಯೆ ಎಂದೇ ಕರೆದಿದ್ದರು. ಅವರ ಪ್ರಶ್ನೆ ಹೆಚ್ಚು ಸಂದೇಶ ಹರಿಯುವುದು ಯಾವಾಗ ಎಂಬುದಾಗಿತ್ತು. ಜಾಲ ತುಂಡಾಗದಿರಲು ಎಷ್ಟು ಬೇಕು ಎಂಬುದು ಬೇರೆಯೇ ಪ್ರಶ್ನೆ. ಮದ್ರಾಸ್ ಐಐಟಿಯಲ್ಲಿ ಓದಿ ಅಮೆರಿಕದಲ್ಲಿ ಪಾಠ ಹೇಳುವ ಪಿ.ಆರ್. ಕುಮಾರ್, ಫೆಂಗ್ ಷ್ವೆ ಜೊತೆ ಸೇರಿ 2004ರಲ್ಲಿ ಅದಕ್ಕೆ ಉತ್ತರ ಕೊಟ್ಟರು: ಅಲ್ಲಿ ಇಲ್ಲಿ ಚೆಲ್ಲಿದ ನೋಡ್‌ಗಳಿಗೆ ಮಾಯಾಸಂಖ್ಯೆ ಎಂಬುದೇ ಇಲ್ಲ. ಜಾಲ ಬೆಳೆದಂತೆ ಬೇಕಾದ ನೆರೆಯವರ ಸಂಖ್ಯೆಯೂ ಬೆಳೆಯುತ್ತದೆ, ಆದರೆ ಲಾಗರಿದಮ್ಮಿನ ನಡಿಗೆಯಲ್ಲಿ, ಬಲು ನಿಧಾನ. ಇಪ್ಪತ್ತು ನೋಡ್‌ಗಳ ಹೊಲಕ್ಕೆ ಈ ಸೂಕ್ಷ್ಮ ಬೇಕಿಲ್ಲ. ಇಡೀ ಮಲಪ್ರಭೆಯ ಅಚ್ಚುಕಟ್ಟಿಗೆ ಜಾಲ ಹಾಸುತ್ತೇನೆ ಎನ್ನುವವರಿಗೆ ಬೇಕು.

ನೆರೆಯವರು ಕಡಿಮೆಯಾದರೆ ಗದ್ದಲ ತಾನಾಗಿ ಕಡಿಮೆಯಾಗುತ್ತದೆ ಎನ್ನುವುದೂ ಅರ್ಧ ಸತ್ಯ. ಒಂದೇ ಒಂದು ಉದ್ದನೆಯ ಕೊಂಡಿ ನಡುವಿನ ಹತ್ತು ಜನರ ಕಿವಿ ಕೆಡಿಸಬಲ್ಲದು. ಜ್ಯೂರಿಚ್‌ನ ಸಂಶೋಧಕರು ಇದನ್ನೂ 2004ರಲ್ಲಿ ತೋರಿಸಿಕೊಟ್ಟರು.

ತಪ್ಪು ಕಲ್ಪನೆ: “ಒಟ್ಟು ಖರ್ಚು ಕಡಿಮಿ ಆತಂದ್ರ ಜಾಲದ ಆಯುಷ್ಯ ಹೆಚ್ಚಿತಂತನ ಅರ್ಥ.”

ವಾಸ್ತವ: ಮನೆಯ ಒಟ್ಟು ಖರ್ಚು ಇಳಿದಿದೆ, ಆದರೆ ಎಲ್ಲವನ್ನೂ ಹಿರೀ ಮಗನ ಜೇಬಿನಿಂದಲೇ ಕೊಡಿಸುತ್ತಿದ್ದಾರೆ ಎಂದರೆ ಅವನು ಎಷ್ಟು ದಿನ ತಡೆದಾನು?

ಕಾಲುವೆಯ ಉದ್ದಕ್ಕೆ ಹತ್ತು ನೋಡ್ ಸಾಲಾಗಿ ನೆಟ್ಟಿದ್ದೇವೆ, ಒಂದು ತುದಿಯಲ್ಲಿ ತೋಟದ ಮನೆ. ಪ್ರತಿಯೊಂದೂ ದಿನಕ್ಕೆ ಒಂದು ಸುದ್ದಿ ಕಳಿಸಬೇಕು. ಕಟ್ಟಕಡೆಯ ನೋಡ್ ತನ್ನದೊಂದನ್ನು ಕಳಿಸಿ ಮಲಗುತ್ತದೆ. ಮನೆಗೆ ಹತ್ತಿರದ್ದು ಒಂಬತ್ತು ಕೇಳಿಸಿಕೊಂಡು ಹತ್ತು ಕಳಿಸಬೇಕು. ಒಂದಕ್ಕೆ ಒಂದು ಕೆಲಸ, ಇನ್ನೊಂದಕ್ಕೆ ಹತ್ತೊಂಬತ್ತು. ಹತ್ತಿರದ್ದರ ಸೆಲ್ ತೀರಿದ ದಿನ, ಉಳಿದ ಒಂಬತ್ತರಲ್ಲಿ ಜೀವವಿದ್ದರೂ, ಮನೆಗೆ ಒಂದು ಸುದ್ದಿಯೂ ಬರುವುದಿಲ್ಲ. ಇಂಥ ಜಾಲಗಳಲ್ಲಿ ಮೊದಲು ತೂತು ಬೀಳುವುದು ಸಾಮಾನ್ಯವಾಗಿ ಬಾಗಿಲ ಬುಡದಲ್ಲೇ.

ಇಲ್ಲೊಂದು ಮಾತು. ರೇಡಿಯೋಗಳನ್ನು ಮಲಗಿಸದೆ ಬಿಟ್ಟ ಜಾಲದಲ್ಲಿ ಈ ಅಸಮಾನತೆ ಕಾಣುವುದೇ ಇಲ್ಲ, ಎಲ್ಲವೂ ಆರನೆಯ ದಿನ ಒಟ್ಟಿಗೆ ಸಾಯುತ್ತವೆ. ಸಮಾನತೆಯ ಅತಿ ಕೆಟ್ಟ ಮಾದರಿ. ನಿದ್ದೆಯನ್ನು ಸರಿಮಾಡಿದ ಮೇಲಷ್ಟೇ ಹೊರೆ ಹಂಚುವ ಪ್ರಶ್ನೆ ಏಳುತ್ತದೆ. ಕ್ರಮ ತಪ್ಪಿಸಿ ಮೊದಲು ದಾರಿ ಹುಡುಕುವ ಅಲ್ಗಾರಿದಮ್ಮಿಗೇ ಕೈಹಾಕಿ, ಸಿಮ್ಯುಲೇಷನ್ನಿನಲ್ಲಿ ನೂರಕ್ಕೆ ಮೂವತ್ತು ಉಳಿಸಿದೆವು ಎಂದು ಬರೆದ ವರದಿಗಳನ್ನು ಕಂಡಾಗ ನನಗೆ ಸ್ವಲ್ಪ ಸಿಡಿಮಿಡಿಯಾಗುತ್ತದೆ.

ಹೊರೆ ಹಂಚಲು ಈ ಸೀಮೆಯ ರೈತರಿಗೆ ಗೊತ್ತಿರುವ ಶಬ್ದ ‘ಪಾಳಿ’. ಕಾಲುವೆ ನೀರಿಗೆ ಪಾಳಿ ಹಚ್ಚುತ್ತಾರಲ್ಲ, ಹಾಗೆಯೇ ಮುಖಂಡತನಕ್ಕೂ ಪಾಳಿ. ಮೇಲೆ ಹೇಳಿದ ಹೈನ್ಜೆಲ್‌ಮನ್ ತಂಡದ ‘ಲೀಚ್’ ಪದ್ಧತಿ ಮಾಡುವುದು ಅದನ್ನೇ. ನೋಡ್‌ಗಳು ಗುಂಪಾಗುತ್ತವೆ, ಗುಂಪಿಗೊಂದು ಮುಖಂಡ ನೋಡ್, ಅದು ಉಳಿದವರ ಅಳತೆಗಳನ್ನು ಒಟ್ಟುಗೂಡಿಸಿ ಒಂದೇ ಗಂಟು ಮಾಡಿ ದೂರದ ಕೇಂದ್ರಕ್ಕೆ ಕಳಿಸುತ್ತದೆ. ದೂರ ಕೂಗುವ ಈ ಕೆಲಸದಲ್ಲಿ ಮುಖಂಡ ಬೇಗ ಸೊರಗುತ್ತಾನೆ. ಅದಕ್ಕೇ ಒಂದು ಸುತ್ತು ಮುಗಿದ ಮೇಲೆ ಇನ್ನೊಬ್ಬನ ಪಾಳಿ. ಯಾರಿಗೂ ಖಾಯಂ ಗೌಡಿಕೆ ಇಲ್ಲ.

ಹೊಲದ ಮಟ್ಟಿಗೆ ಇನ್ನೂ ಸರಳ ಮದ್ದೂ ಇದೆ: ಮನೆಯ ಹತ್ತಿರದ ನೋಡ್‌ಗೆ ದೊಡ್ಡ ಬ್ಯಾಟರಿ ಕೊಡಿ, ಇಲ್ಲವೇ ಮನೆಯ ಕರೆಂಟಿಗೇ ಜೋಡಿಸಿ. ಇದಕ್ಕೆ ಯಾರೂ ಪಿಎಚ್‌ಡಿ ಕೊಡುವುದಿಲ್ಲ, ಕೆಲಸ ಮಾತ್ರ ನಡೆಯುತ್ತದೆ.

ತಪ್ಪು ಕಲ್ಪನೆ: “ಡಬ್ಬಿ ಮ್ಯಾಲ 100 ಮೀಟರ್ ಅಂತ ಬರದಾರು, ಅಂದಮ್ಯಾಲ ಸುತ್ತ 100 ಮೀಟರ್ ಮುಟ್ಟತೈತಿ.”

ವಾಸ್ತವ: ಕಾಗದದ ಮೇಲೆ ಪ್ರತಿ ನೋಡ್ ಸುತ್ತ ಕಂಪಾಸಿನಿಂದ ಎಳೆದ ದುಂಡನೆಯ ವೃತ್ತವಿರುತ್ತದೆ. ಸಂಗೊಳ್ಳಿಯ ಹೊಲದಲ್ಲಿ ಆ ವೃತ್ತ ಹಿಂಗಾರಿಯಲ್ಲೊಂದು ಆಕಾರ, ಕಬ್ಬು ಬೆಳೆದಾಗ ಇನ್ನೊಂದು ಆಕಾರ.

ರೇಡಿಯೋ ಅಲೆ ದಾರದಂತೆ ನೆಟ್ಟಗೆ ಹೋಗುವುದಿಲ್ಲ, ನಡುವೆ ಉಬ್ಬಿದ ಕದಿರಿನಂಥ ಜಾಗ ಬೇಕು ಅದಕ್ಕೆ. 866 ಮೆಗಾಹರ್ಟ್ಸ್‌ನಲ್ಲಿ 100 ಮೀಟರ್ ದೂರಕ್ಕೆ ಆ ಕದಿರಿನ ನಡುಭಾಗದ ತ್ರಿಜ್ಯ ಸುಮಾರು 2.9 ಮೀಟರ್. ವೈಫೈ ಬಳಸುವ 2.4 ಗಿಗಾಹರ್ಟ್ಸ್‌ನಲ್ಲಿ ಸುಮಾರು 1.8. ನೆಲದಿಂದ ಮೊಳ ಎತ್ತರದಲ್ಲಿ ಆಂಟೆನಾ ಇಟ್ಟರೆ ಆ ಕದಿರಿನ ಅರ್ಧ ಭಾಗ ಮಣ್ಣಿನೊಳಗೇ ಹೂತುಹೋಗಿರುತ್ತದೆ. ಕಡ್ಲಿ ಹೊಲದಲ್ಲಿ ಹೇಗೋ ನಡೆಯಬಹುದು. ಆಳೆತ್ತರ ಮೀರಿದ ಕಬ್ಬಿನ ನಡುವೆ, ಅದೂ ಮಳೆ ನಿಂತ ಮೇಲೆ ಎಲೆಯೆಲ್ಲ ಒದ್ದೆಯಾಗಿರುವಾಗ, ಬೇಸಿಗೆಯಲ್ಲಿ ಚೆಂದ ಮಾತಾಡುತ್ತಿದ್ದ ಎರಡು ನೋಡ್‌ಗಳು ಒಂದಕ್ಕೊಂದು ಅಪರಿಚಿತವಾಗುತ್ತವೆ. ನೀರು ರೇಡಿಯೋ ಅಲೆಯನ್ನು ನುಂಗುತ್ತದೆ, ಕಬ್ಬೆಂದರೆ ನಿಂತ ನೀರೇ.

ಪರಿಹಾರ ಅಗ್ಗದ್ದು. ನೆಲದಿಂದ ಮರಳುವ ಅಲೆಯನ್ನೂ ಸೇರಿಸಿದ ಸರಳ ಲೆಕ್ಕದ ಪ್ರಕಾರ, ಇಷ್ಟು ದೂರದಲ್ಲಿ, ಎರಡೂ ಕಡೆಯ ಆಂಟೆನಾಗಳನ್ನು ಒಂದು ಮೀಟರಿನಿಂದ ಎರಡು ಮೀಟರಿಗೆ ಏರಿಸಿದರೆ ತಲುಪುವ ಶಕ್ತಿ ಹದಿನಾರು ಪಟ್ಟಿನ ತನಕ ಏರಬಹುದು. ಎರಡು ಬಿದಿರು ಗಳ ಸಾಕು. ದಾರಿ ಹುಡುಕುವ ಅಲ್ಗಾರಿದಮ್ಮು ಇಷ್ಟು ಉಳಿಸಿಕೊಡುವುದು ಅಪರೂಪ. ಗಳ ನೆಡುವುದೂ ಟೊಪಾಲಜಿ ವಿನ್ಯಾಸವೇ ಎಂದು ನನ್ನ ವಾದ. ಲೇಖನಗಳಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ.

ಎರಿ ಮಣ್ಣಿನದು ಇನ್ನೊಂದು ಕಿರಿಕಿರಿ. ಒಣಗಿದಾಗ ಅದು ಕೈ ಇಳಿಯುವಷ್ಟು ಬಿರಿಯುತ್ತದೆ. ತೇವ ಅಳೆಯುವ ಸಲಾಕೆಯ ಪಕ್ಕದಲ್ಲೇ ಬಿರುಕು ಬಿಟ್ಟರೆ ಸಲಾಕೆ ಮಣ್ಣನ್ನು ಬಿಟ್ಟು ಗಾಳಿಯನ್ನು ಅಳೆಯುತ್ತದೆ. ಆ ಸುಳ್ಳು ಸಂಖ್ಯೆಯನ್ನು ಜಾಲ ಬಹಳ ಮಿತವ್ಯಯದಿಂದ ಮನೆಗೆ ಮುಟ್ಟಿಸುತ್ತದೆ.

ತಪ್ಪು ಕಲ್ಪನೆ: “ರೇಡಿಯೋ ಬಿಡಬೇಕಂದ್ರ ಸರ್ಕಾರದ ಲೈಸನ್ಸ್ ಬೇಕು.”

ವಾಸ್ತವ: ಇಂಥ ಸಣ್ಣ ಯಂತ್ರಗಳಿಗೆ ಬೇಡ. 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ಭಾರತ ಸರ್ಕಾರ 2005ರಲ್ಲೇ ಲೈಸನ್ಸ್‌ನಿಂದ ಮುಕ್ತಗೊಳಿಸಿತು, 2021ರಲ್ಲಿ 868ರ ತನಕ ಚಾಚಿತು. ಟ್ರಾನ್ಸ್‌ಮಿಟರ್ ಶಕ್ತಿಗೆ ಒಂದು ವ್ಯಾಟ್ ಮಿತಿಯಿದೆ. ನಮ್ಮ ಪೆನ್ಸಿಲ್ ಸೆಲ್ ನೋಡ್‌ಗಳು ಅದರ ಹತ್ತಿರಕ್ಕೂ ಹೋಗುವುದಿಲ್ಲ.

ತಪ್ಪು ಕಲ್ಪನೆ: “ಸೋಲಾರ್ ತಾಟು ಹಾಕಿಬಿಟ್ರ ಈ ಎಲ್ಲಾ ತಲಿನೋವು ಮುಗೀತು.”

ವಾಸ್ತವ: ಅಂಗೈ ಅಗಲದ ತಾಟು ಒಳ್ಳೆಯದೇ. ಕಬ್ಬಿನ ನೆರಳು, ಶ್ರಾವಣದ ಮೋಡ, ಎರಿ ದೂಳು, ಮೇಲೆ ಕೂರುವ ಹಕ್ಕಿ, ಹೊಳೆಯುವುದನ್ನು ಕಂಡರೆ ಬಿಡದ ಕೈಗಳು, ಇಷ್ಟನ್ನೂ ದಾಟಿ ಬಂದ ಕರೆಂಟಿನಿಂದ ಆರನೇ ದಿನಕ್ಕೆ ಸಾಯುವ ನೋಡ್ ಬದುಕಿಸಬಹುದು ಎಂದು ನಂಬಬೇಡಿ. ಮಲಗಲು ಕಲಿತ ನೋಡ್‌ಗೆ ಮಾತ್ರ ತಾಟು ಆಸರೆಯಾದೀತು.

ತಪ್ಪು ಕಲ್ಪನೆ: “ಹೆಚ್ಚು ಡೇಟಾ ಬಂದಷ್ಟು ರೈತಗ ಹೆಚ್ಚು ಲಾಭ.”

ವಾಸ್ತವ: ಇದಕ್ಕೆ ಉತ್ತರ ಹುಡುಕಲು ಪಾವಗಡ ತಾಲ್ಲೂಕಿನ ಚೆನ್ನಕೇಶವಪುರಕ್ಕೆ ಹೋಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ತಾಂತ್ರಿಕ ವಿಶ್ವವಿದ್ಯಾಲಯ ಇಪಿಎಫ್‌ಎಲ್ ಸೇರಿ 2000ದ ದಶಕದ ನಡುವಿನಲ್ಲಿ ಅಲ್ಲಿ ‘ಕಾಮನ್‌ಸೆನ್ಸ್ ನೆಟ್’ ಎಂಬ ಸೆನ್ಸರ್ ಜಾಲ ಹೂಡಿದವು. ಬರಪೀಡಿತ ಸೀಮೆ, ಮಳೆ ನಂಬಿದ ಶೇಂಗಾ, ಸಣ್ಣ ಹಿಡುವಳಿ. ಆ ಜನ ಮಾಡಿದ ಜಾಣ ಕೆಲಸವೆಂದರೆ ಪೆಟ್ಟಿಗೆ ಹೂಳುವ ಮೊದಲು ರೈತರ ಬಳಿ ಹೋಗಿ ನಿಮಗೇನು ತಿಳಿಯಬೇಕಾಗಿದೆ ಎಂದು ಕೇಳಿದ್ದು. ಮಣ್ಣಿನ ತೇವದ ಸಂಖ್ಯೆಯನ್ನು ಹಾಗೆಯೇ ಕೈಗಿತ್ತರೆ ರೈತ ಅದನ್ನು ಇಟ್ಟುಕೊಂಡು ಮಾಡುವುದೇನು? ಆ ಸಂಖ್ಯೆಯನ್ನು ಬೆಳೆಯ ಮಾದರಿಗಳಿಗೆ ಕೂಡಿಸಿ, ಬಿತ್ತಬೇಕೋ ಕಾಯಬೇಕೋ ಎಂಬಂಥ ನಿರ್ಧಾರಕ್ಕೆ ನೆರವಾಗುವಂತೆ ಮಾಡುವುದು ಅವರ ಗುರಿಯಾಯಿತು. ಅದೇ ಪಾವಗಡದಲ್ಲಿ ಈಗ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಎದ್ದಿದೆ. ಮಿಲಿವ್ಯಾಟ್ ಮಿಲಿವ್ಯಾಟ್ ಎಣಿಸಿದ ಅದೇ ನೆಲ.

ಬೇಕಾದ ನಿರ್ಧಾರ ಯಾವುದೆಂದು ಮೊದಲೇ ಗೊತ್ತಾದರೆ ಎಷ್ಟು ಸಲ ಅಳೆಯಬೇಕೆಂಬುದೂ ಗೊತ್ತಾಗುತ್ತದೆ. ಐದು ನಿಮಿಷಕ್ಕೊಮ್ಮೆ ಅಳೆದು ಕಳಿಸುವ ಜಾಲ ದಿನಕ್ಕೆ 288 ಸಲ ಕೂಗುತ್ತದೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಸಾಕೆಂದರೆ ಎರಡೇ ಸಲ. ನಿನ್ನೆಯ ಅಳತೆಗೂ ಇಂದಿನದಕ್ಕೂ ಹೇಳುವಂಥ ವ್ಯತ್ಯಾಸವಿಲ್ಲದಿದ್ದರೆ ನೋಡ್ ತನ್ನಲ್ಲೇ ಲೆಕ್ಕ ಹಾಕಿ ಸುಮ್ಮನಿರಬಹುದು. ಒಳಗೊಳಗೇ ಲೆಕ್ಕ ಹಾಕುವುದು ಗಾಳಿಗೆ ಕಳಿಸುವುದಕ್ಕಿಂತ ಬಹಳ ಅಗ್ಗ. ಕಾಲುವೆ ಒಡೆಯಿತೇ, 2019ರ ಆಗಸ್ಟಿನಂತೆ ಮಲಪ್ರಭೆ ಊರೊಳಗೆ ನುಗ್ಗಿತೇ ಎಂದು ಕಾಯುವ ನೋಡ್‌ನ ಮಾತು ಬೇರೆ. ಅದು ತಡಮಾಡುವಂತಿಲ್ಲ, ಅದಕ್ಕೆ ನಿದ್ದೆಯೂ ಕಡಿಮೆ, ದೊಡ್ಡ ಬ್ಯಾಟರಿಯೂ ಬೇಕು. ಎರಡಕ್ಕೂ ಒಂದೇ ವಿನ್ಯಾಸ ಮಾರುವವರನ್ನು ಮೇಳದಲ್ಲಿ ಕಂಡರೆ ಚಹಾ ಕುಡಿಸಿ ಕಳಿಸಿ.

ನಮ್ಮ ಹೊಲದಲ್ಲಿ ಈಗ ಹಿಂಗಾರಿ. ಮಳೆಗಾಲ ಉಳಿಸಿಹೋದ ಹಸಿಯ ಮೇಲೆ ಕಡ್ಲಿ ಬಿತ್ತಿಯಾಗಿದೆ. ಎರಿ ಮಣ್ಣಿನ ಆಳದ ತೇವ ಇಳಿಯುವುದು ಗಂಟೆಗಳ ಲೆಕ್ಕದಲ್ಲಲ್ಲ, ದಿನಗಳ ಲೆಕ್ಕದಲ್ಲಿ. ಬೆಳಗಿನ ಆರಕ್ಕೊಂದು, ಸಂಜೆಯ ಆರಕ್ಕೊಂದು ಸುದ್ದಿ ಮನೆಗೆ ಬರಲಿ. ಉಳಿದ ಹೊತ್ತು ರೇಡಿಯೋ ಆರಿಯೇ ಇರಲಿ, ಕಡ್ಲಿಗೇನೂ ಅವಸರವಿಲ್ಲ.